ಅಳಿಸಿಹೋದ ಫೋಟೋಗಳನ್ನು ನಾನು ಹೊರತೆಗೆಯುವ ಬಗೆ

ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿದ್ದ ಫೋಟೋ ಎಲ್ಲ ಹೋಯಿತು ಎಂದು ಯಾರಾದರೂ ತಂದುಕೊಟ್ಟರೆ ನಾನು ಮೊದಲು ಕೇಳುವುದು, ‘ಆಮೇಲೆ ಇದರಲ್ಲಿ ಹೊಸದಾಗಿ ಏನಾದರೂ ತೆಗೆದಿರಾ?’ ಎಂದು. ಇಲ್ಲ ಎಂದರೆ ಅರ್ಧ ಗೆದ್ದಂತೆ. ಡಿಲೀಟ್ ಮಾಡಿದಾಗ ಅಳಿಯುವುದು ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಮಾತ್ರ. ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಒತ್ತಿದಾಗಲೂ ಸಾಮಾನ್ಯವಾಗಿ ಇಷ್ಟೇ. ಚಿತ್ರದ ಬೈಟುಗಳು ಅಲ್ಲೇ ಇರುತ್ತವೆ, ಅವುಗಳ ಮೇಲೆ ಬೇರೇನಾದರೂ ಬಂದು ಕೂರುವವರೆಗೆ.

ನಾನು ಬಳಸುವುದು ಫೋಟೋರೆಕ್. ಕ್ರಿಸ್ಟೋಫ್ ಗ್ರೆನಿಯೆ ಬರೆದ ಮುಕ್ತ ತಂತ್ರಾಂಶ. ಅಳಿಸಿಹೋದ ಡಿಸ್ಕ್ ವಿಭಾಗಗಳನ್ನು ಮರಳಿ ತರುವ ಟೆಸ್ಟ್‌ಡಿಸ್ಕ್ ಎಂಬ ತಂತ್ರಾಂಶದ ಜೊತೆಗೇ ಬರುತ್ತದೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಸಿಕ್ಕ ಫೋಟೋಗಳನ್ನು ಚಿಕ್ಕದಾಗಿ ತೋರಿಸಿ ಆಸೆ ಹುಟ್ಟಿಸಿ, ಉಳಿಸಿಕೊಳ್ಳಲು ಹೋದಾಗ ದುಡ್ಡು ಕೇಳುವ ತಂತ್ರಾಂಶಗಳ ಆಟ ನನಗಂತೂ ಸೇರದು.

ಆದರೆ ನೇರವಾಗಿ ಕಾರ್ಡಿನ ಮೇಲೆ ಕೈ ಹಾಕುವುದಿಲ್ಲ. ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಲಾಕ್ ಕೀಲಿಯನ್ನು ಸರಿಸಿ, ಡಿಡಿರೆಸ್ಕ್ಯೂ ಎಂಬ ನಕಲು ತೆಗೆಯುವ ತಂತ್ರಾಂಶ ಬಳಸಿ ಇಡೀ ಕಾರ್ಡಿನ ಪಡಿಯಚ್ಚನ್ನು ಒಂದೇ ಫೈಲಾಗಿ ಹಾರ್ಡ್‌ಡಿಸ್ಕಿಗೆ ತೆಗೆದುಕೊಳ್ಳುತ್ತೇನೆ. ಕಾರ್ಡ್ ಸಾಯುವ ಸ್ಥಿತಿಯಲ್ಲಿದ್ದರೆ ಇದು ಮೊದಲು ಸಲೀಸಾಗಿ ಓದಲು ಸಿಗುವ ಭಾಗಗಳನ್ನು ಬಾಚಿಕೊಂಡು, ಹಟ ಮಾಡುವ ಜಾಗಗಳಿಗೆ ಆಮೇಲೆ ಬರುತ್ತದೆ. ಎಲ್ಲೆಲ್ಲಿ ಓದಿಯಾಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಇಟ್ಟುಕೊಂಡರೆ ನಡುವೆ ನಿಲ್ಲಿಸಿ ಮುಂದುವರಿಸಲೂಬಹುದು. ಮುಂದಿನ ಪ್ರಯೋಗಗಳೆಲ್ಲ ಆ ಪಡಿಯಚ್ಚಿನ ಮೇಲೆಯೇ.

ಫೋಟೋರೆಕ್ ಹಾಳಾದ ಪಟ್ಟಿಯನ್ನು ನಂಬುವುದೇ ಇಲ್ಲ. ಫೈಲಿನ ಆರಂಭದ ಗುರುತು ಹುಡುಕುತ್ತದೆ; ಜೆಪೆಗ್ ಆದರೆ ‘ಎಫ್ಎಫ್ ಡಿ8 ಎಫ್ಎಫ್’ ಎಂಬ ಮೂರು ಬೈಟುಗಳು. ಎಲ್ಲ ಬಗೆಯ ಫೈಲುಗಳನ್ನೂ ಹುಡುಕಲು ಬಿಟ್ಟರೆ ಕಸದ ರಾಶಿಯೇ ಬೀಳುತ್ತದೆ, ಆದ್ದರಿಂದ ಆಯ್ಕೆಗಳಲ್ಲಿ ಎಲ್ಲವನ್ನೂ ತೆಗೆದು ಬೇಕಾದದ್ದನ್ನಷ್ಟೇ ಗುರುತು ಮಾಡುತ್ತೇನೆ. ನಿಕಾನಿನ ಎನ್ಇಎಫ್, ಕ್ಯಾನನಿನ ಸಿಆರ್2 ಥರದ ರಾ ಫೈಲುಗಳು (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಕಚ್ಚಾ ಚಿತ್ರಗಳು) ಅಲ್ಲಿ ಟಿಫ್ ಎಂಬ ಇನ್ನೊಂದು ಬಗೆಯ ಚಿತ್ರದ ಹೆಸರಿನಡಿ ಅಡಗಿವೆ; ಇದು ಗೊತ್ತಿಲ್ಲದೆ ರಾ ಸಿಗಲಿಲ್ಲ ಎಂದು ಕೈಬಿಟ್ಟವರುಂಟು. ಅಳಿಸಿದ್ದಷ್ಟೇ ಬೇಕಾದರೆ ಖಾಲಿ ಜಾಗ ಹುಡುಕಿಸಿದರೆ ಸಾಕು, ಫಾರ್ಮ್ಯಾಟೇ ಕೆಟ್ಟಿದ್ದರೆ ಪೂರ್ತಿ ಕಾರ್ಡು. ಅಕ್ಷರಗಳಷ್ಟೇ ಇರುವ ಕಪ್ಪು ಪರದೆ ಕಂಡರೆ ಹೆದರುವವರಿಗೆ ಮೌಸ್‌ನಿಂದ ಒತ್ತಿ ನಡೆಸುವ ಕ್ಯೂಫೋಟೋರೆಕ್ ಇದೆ.

ನಿಜವಾದ ಬೆವರು ಹರಿಯುವುದು ಆಮೇಲೆ. ಫೈಲುಗಳ ಹಳೆಯ ಹೆಸರು ಉಳಿದಿರುವುದಿಲ್ಲ. ಎಫ್ ಅಕ್ಷರದ ಮುಂದೆ ಉದ್ದನೆಯ ಅಂಕಿ, ಫೋಲ್ಡರಿಗೆ 500ರಂತೆ. ಟಿ ಅಕ್ಷರದಿಂದ ಶುರುವಾಗುವ ಜೆಪೆಗ್‌ಗಳು ಫೋಟೋದೊಳಗೆ ಹುದುಗಿದ್ದ ಪುಟ್ಟ ಮುನ್ನೋಟದ ಚಿತ್ರಗಳು (ಥಂಬ್‌ನೇಲುಗಳು), ದೊಡ್ಡ ಫೋಟೋ ಸರಿಯಾಗಿ ತೆರೆದುಕೊಂಡರೆ ಅವನ್ನು ಅಳಿಸುತ್ತೇನೆ. ಉಳಿದವುಗಳನ್ನು ಫೋಟೋದೊಳಗಿನ ಮಾಹಿತಿ ಓದುವ ಎಕ್ಸಿಫ್‌ಟೂಲ್ ತಂತ್ರಾಂಶಕ್ಕೆ ಕೊಟ್ಟರೆ ಫೋಟೋ ತೆಗೆದ ದಿನಾಂಕ ಓದಿ ವರ್ಷ, ತಿಂಗಳಿನ ಫೋಲ್ಡರುಗಳಿಗೆ ತಾನೇ ಹಂಚುತ್ತದೆ.

ವಿಡಿಯೊ ವಿಷಯದಲ್ಲಿ ಮಾತ್ರ ಮೊದಲೇ ಹೇಳಿಬಿಡುತ್ತೇನೆ: ದೊಡ್ಡ ಫೈಲು ಕಾರ್ಡಿನಲ್ಲಿ ತುಂಡುತುಂಡಾಗಿ ಕೂತಿದ್ದರೆ ಸಿಕ್ಕರೂ ಓಡದಿರಬಹುದು. ಫೋನಿನ ಒಳಗಿನ ಮೆಮೊರಿ ತಂದರೆ ಕೈಮುಗಿಯುತ್ತೇನೆ. ಈಗಿನ ಫೋನುಗಳಲ್ಲಿ ಅದು ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಗುಪ್ತಲಿಪಿಯಲ್ಲಿರುತ್ತದೆ; ಅಳಿಸಿದ ಜಾಗವನ್ನು ಟ್ರಿಮ್ ಎಂಬ ಫೋನಿನದೇ ಸ್ವಚ್ಛತಾ ಕ್ರಮ ಬೇರೆ ಗುಡಿಸಿಹಾಕಿರುತ್ತದೆ. ಅಂಥವರಿಗೆ ಗ್ಯಾಲರಿಯ ಕಸದಬುಟ್ಟಿಯನ್ನೂ ಕ್ಲೌಡ್ ಖಾತೆಯನ್ನೂ ಒಮ್ಮೆ ನೋಡಿ ಎನ್ನುತ್ತೇನೆ.