ಮ್ಯೂನಿಕ್‌ಗೆ ಹೊಸದಾಗಿ ಬಂದವರಿಗೆ: ಮನೆಯ ಕಾಫಿಯ ವಿಚಾರ

ವಿಳಾಸದ ನೋಂದಣಿಯನ್ನು ಮನೆ ಸೇರಿದ ಎರಡು ವಾರದೊಳಗೆ, ಮನೆ ಮಾಲೀಕರ ದೃಢೀಕರಣ ಪತ್ರ ಕೊಟ್ಟು ಮಾಡಿಸಿಕೊಳ್ಳಿ. ನಾನು ವಿವರವಾಗಿ ಹೇಳಬೇಕೆಂದಿರುವುದು ಬೆಳಗಿನ ಕಾಫಿಯ ಬಗ್ಗೆ. ಅದು ನನ್ನ ಮನೆಯಲ್ಲಿ ಸರಿಹೋಗಲು ಮೂರು ವರ್ಷ ಹಿಡಿಯಿತು, ಆ ಮೂರು ವರ್ಷದಲ್ಲಿ ನಾನು ತಪ್ಪನ್ನು ಹೆಚ್ಚಾಗಿ ಪುಡಿಯ ಮೇಲೆಯೇ ಹೊರಿಸಿದ್ದೆ.

ಊರಿಗೆ ಹೋದಾಗಲೆಲ್ಲ ಪೀಬೆರಿ ಮತ್ತು ಪ್ಲಾಂಟೇಷನ್ ಎ ಎಂಬ ಎರಡು ಬಗೆಯ ಬೀಜ ಬೆರೆಸಿ, ಶೇಕಡಾ 20ರಷ್ಟು ಚಿಕೋರಿ ಹಾಕಿಸಿ, ನಾಲ್ಕು ಕಿಲೋ ಪುಡಿ ಹೊತ್ತು ತರುತ್ತಿದ್ದೆ. ಬೀಸಿದ ಪುಡಿಯ ಘಮ ಕೆಲವೇ ವಾರಗಳಲ್ಲಿ ಹಾರಿಹೋಗುತ್ತದೆ ಎಂಬುದನ್ನು ಯೋಚಿಸಿರಲಿಲ್ಲ. ನೀವು ಅರ್ಧ ಕಿಲೋಗಿಂತ ಹೆಚ್ಚು ತರಬೇಡಿ. ಅದು ಮುಗಿದ ಮೇಲೆ ಇಲ್ಲಿಯೇ ಹುರಿದ ಬೀಜ ಕೊಂಡು ನುಣ್ಣಗೆ ಬೀಸಿಕೊಳ್ಳಿ. ಅಂಗಡಿಯ ಪುಡಿ ಕಾಗದದ ಫಿಲ್ಟರಿಗೆಂದು ತರಿತರಿಯಾಗಿರುವುದರಿಂದ ನಮ್ಮ ಫಿಲ್ಟರಿನಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತದೆ. ಜರ್ಮನರು 18ನೇ ಶತಮಾನದಿಂದಲೇ ಕಾಫಿಗೆ ಬದಲಾಗಿ ಚಿಕೋರಿ ಕುಡಿದವರಾದ್ದರಿಂದ ಅದು ಸಾವಯವ ಅಂಗಡಿಗಳಲ್ಲಿ ಸಿಗುತ್ತದೆ. ನೀರಿನಲ್ಲಿ ಕರಗುವ ಬಗೆಯನ್ನು ಬಿಟ್ಟು, ಹುರಿದು ಪುಡಿ ಮಾಡಿದ್ದನ್ನೇ ಕೊಳ್ಳಿ.

ನಿಜವಾದ ತಪ್ಪು ಇದ್ದದ್ದು ಹಾಲಿನಲ್ಲಿ. ಬಂದ ವಾರವೇ, ಫ್ರಿಜ್ಜಿನ ಹೊರಗೆ ಅಗ್ಗಕ್ಕೆ ಮಾರುವ ಹಾಲಿನ ಪೊಟ್ಟಣಗಳನ್ನು ಹನ್ನೆರಡು ತಂದಿಟ್ಟುಕೊಂಡೆ. ಅದು ‘ಹಾ-ಮಿಲ್ಶ್’, ಅಂದರೆ 135 ಡಿಗ್ರಿಗೂ ಮೇಲೆ ಕ್ಷಣಕಾಲ ಕಾಯಿಸಿ ತಿಂಗಳುಗಟ್ಟಲೆ ಕೆಡದಂತೆ ಮಾಡಿದ ಹಾಲು. ಅದಕ್ಕೆ ಬೆಂದ ವಾಸನೆ ಮೊದಲೇ ಅಂಟಿರುವುದರಿಂದ ಡಿಕಾಕ್ಷನ್ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಾಗುವುದಿಲ್ಲ. ನಾನು ಹಾಲೇ ನೀರಾಗಿದೆಯೆಂದು ತಿಳಿದು ಕ್ರೀಮ್ ಸುರಿದೆ, ಆಮೇಲೆ ಹಾಲಿನ ಪುಡಿ ಬೆರೆಸಿದೆ. ಕಾಫಿ ನಾಲಿಗೆಗೆ ಅಂಟಿತೇ ಹೊರತು ರುಚಿಸಲಿಲ್ಲ. ನಂದಿನಿಯ ನೀಲಿ ಪೊಟ್ಟಣದಲ್ಲಿ ಶೇಕಡಾ 3ರಷ್ಟು ಕೊಬ್ಬಿದ್ದರೆ ಇಲ್ಲಿಯ ‘ಫೋಲ್‌ಮಿಲ್ಶ್’ನಲ್ಲಿ, ಅಂದರೆ ಪೂರ್ಣ ಕೊಬ್ಬಿನ ಹಾಲಿನಲ್ಲಿ, 3.5ಕ್ಕೆ ಕಡಿಮೆಯಿಲ್ಲ ಎಂಬುದನ್ನು ಪೊಟ್ಟಣ ತಿರುಗಿಸಿ ಓದಿದ್ದರೆ ಆ ದಿನವೇ ತಿಳಿಯುತ್ತಿತ್ತು.

ಆದ್ದರಿಂದ ತಣ್ಣನೆಯ ಕಪಾಟಿನ ತಾಜಾ ಹಾಲನ್ನೇ ಕೊಳ್ಳಿ. ‘ನಿಖ್ಟ್ ಹೊಮೊಗೆನಿಸೀರ್ಟ್’, ಅಂದರೆ ಕೊಬ್ಬನ್ನು ಸಣ್ಣಗೆ ಒಡೆದು ಬೆರೆಸಿರದ ಹಾಲು, ಎಂದು ಬರೆದದ್ದು ಸಿಕ್ಕರೆ ಇನ್ನೂ ಒಳ್ಳೆಯದು, ಕೆನೆ ಚೆನ್ನಾಗಿ ಕಟ್ಟುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಉಕ್ಕು ಬರುವವರೆಗೆ ಕಾಯಿಸಿ, ಶಾಖ ತಗ್ಗಿಸಿ ಎರಡು ನಿಮಿಷ ಬಿಡಿ. ಮೈಕ್ರೋವೇವ್‌ನಲ್ಲಿ ಈ ಕೆಲಸ ಆಗುವುದಿಲ್ಲ. ನಾಲ್ಕು ಚಮಚ ಪುಡಿಗೆ 150 ಮಿಲಿಲೀಟರ್ ಬಿಸಿನೀರು, ಇಪ್ಪತ್ತು ನಿಮಿಷದ ತಾಳ್ಮೆ, ಒಂದು ಪಾಲು ಡಿಕಾಕ್ಷನ್‌ಗೆ ಮೂರು ಪಾಲು ಹಾಲು. ಫಿಲ್ಟರಿನ ತೂತು ಕಟ್ಟಿಕೊಂಡರೆ ಊರಿನಲ್ಲಿ ಒಲೆಯ ಉರಿಗೆ ಹಿಡಿಯುತ್ತಿದ್ದೆವು. ಇಲ್ಲಿಯ ಇಂಡಕ್ಷನ್ ಒಲೆಯಲ್ಲಿ ಉರಿಯಿಲ್ಲ, ನೀರಿನಲ್ಲಿ ಸುಣ್ಣದಂಶವೂ ಹೆಚ್ಚು. ರಾತ್ರಿ ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದಿಡಿ.

ಒಮ್ಮೆ ಮಗಳ ಶಾಲೆಯ ಗೆಳತಿ ನಮ್ಮ ಮನೆಯಲ್ಲಿ ಉಳಿದಿದ್ದಾಗ, ಹಾಲನ್ನು ಏಕೆ ಕುದಿಸುತ್ತೀರಿ ಎಂದು ಕೇಳಿದಳು. ಮಗಳು ಉತ್ತರ ತೋಚದೆ ನನ್ನ ಮುಖ ನೋಡಿದಳು. ಹಾಲು ಉಕ್ಕದಂತೆ ನೋಡಿಕೋ ಎಂದು ಒಲೆಯ ಮುಂದೆ ನಿಲ್ಲಿಸಿದ್ದೇ ನಮ್ಮ ತಲೆಮಾರಿನ ಮಕ್ಕಳಿಗೆ ಮನೆ ಒಪ್ಪಿಸಿದ ಮೊದಲ ಕೆಲಸ. ಅದನ್ನು ನಾನು ಅವಳಿಗೆ ಕೊಟ್ಟೇ ಇರಲಿಲ್ಲ ಎಂಬುದು ಆಗ ಮನಸ್ಸಿಗೆ ಚುಚ್ಚಿತು. ಮುಂದೆ ಊರಾಚೆಯ ರೈತರೊಬ್ಬರ ಕೊಟ್ಟಿಗೆಗೆ ಹಸಿ ಹಾಲು ತರಲು ಅವಳನ್ನೂ ಕರೆದುಕೊಂಡು ಹೋದೆ. ಅಲ್ಲಿ, ಕಾನೂನಿನಂತೆ, ಕುಡಿಯುವ ಮೊದಲು ಕುದಿಸಬೇಕೆಂದು ಫಲಕ ಹಾಕಿದ್ದರು. ಅದನ್ನು ಅವಳೇ ಗಟ್ಟಿಯಾಗಿ ಓದಿ, ಕನ್ನಡಕ್ಕೆ ತಿರುಗಿಸಿ ನನಗೆ ಹೇಳಿದಳು. ಈಗ ಭಾನುವಾರ ಹಾಲು ಕಾಯುವುದು ಅವಳ ಕೆಲಸ.

ನನಗೆ ಇನ್ನೂ ಒಗ್ಗದಿರುವುದು ಎರಡನೇ ಡಿಕಾಕ್ಷನ್. ಅಮ್ಮ ಅದನ್ನು ಹೇಳದೆ ಬರುವವರಿಗಾಗಿ ಇಳಿಸಿಡುತ್ತಿದ್ದರು, ಮತ್ತು ಹತ್ತು ಗಂಟೆಯೊಳಗೆ ಯಾರಾದರೂ ಬಂದೇ ಬರುತ್ತಿದ್ದರು. ಇಲ್ಲಿ ಯಾರೂ ಹಾಗೆ ಬರುವುದಿಲ್ಲ. ಆದರೂ ಭಾನುವಾರ ಅದನ್ನು ಇಳಿಸಿ, ಮಧ್ಯಾಹ್ನದವರೆಗೂ ಚೆಲ್ಲದೆ ಇಟ್ಟಿರುತ್ತೇನೆ; ನೀವು ಫೋನು ಮಾಡದೆಯೇ ಬನ್ನಿ.