ಹೊಸ ಹೆಸರು, ಹಳೆಯ ಕಾಗದ: ನಾನು ಅನುಸರಿಸಿದ ಕ್ರಮ

ಬೇರೆಯೇ ಮನುಷ್ಯರಾಗಿ ಮೊದಲಿಂದ ಬದುಕಬೇಕು ಅನ್ನಿಸಿದಾಗ ಕೈ ಮೊದಲು ಹೋಗುವುದು ಹಳೆಯದನ್ನು ಕಿತ್ತೆಸೆಯುವ ಕಡೆಗೆ. ಸಿಮ್ ಬದಲಿಸುವುದು, ಖಾತೆ ಮುಚ್ಚುವುದು, ಹಳೆಯ ಗುರುತಿನ ಚೀಟಿ ಹರಿಯುವುದು. ಹೆಸರು ಬದಲಿಸಿಕೊಳ್ಳುವವರು ಇವನ್ನೆಲ್ಲ ಕೊನೆಗಿಟ್ಟುಕೊಳ್ಳಬೇಕು. ಕಾನೂನು ನಿಮ್ಮನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ಇವರೂ ಅವರೂ ಒಬ್ಬರೇ ಎಂದು ಬರೆದುಕೊಡುತ್ತದೆ. ಅದಕ್ಕೆ ಹಳೆಯ ಹೆಸರಿನ ಸಾಕ್ಷಿ ಬೇಕು.

ಅಫಿಡವಿಟ್‌ಗೂ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಮೊದಲಿನ ಕೆಲಸ ಹೆಸರನ್ನು ಗಟ್ಟಿ ಮಾಡಿಕೊಳ್ಳುವುದು. ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತವೆ. ಪ್ಯಾನ್ ಅರ್ಜಿಯ ಮೊದಲ ಹೆಸರು, ಕೊನೆಯ ಹೆಸರಿನ ಅಂಕಣಗಳಲ್ಲಿ ಇನಿಷಿಯಲ್ ನಡೆಯುವುದಿಲ್ಲ; ಪಾಸ್‌ಪೋರ್ಟ್‌ಗೂ ಬಿಡಿಸಿಯೇ ಬರೆಯಬೇಕು. ಜಾತಿ ಹೇಳುವ ಅಡ್ಡಹೆಸರು ಬೇಡವೆಂದು ಹೊರಟವರು ಆ ಜಾಗಕ್ಕೆ ಏನು ಬರಬೇಕೆಂದು ಆಗಲೇ ತೀರ್ಮಾನಿಸಬೇಕು. ಇಲ್ಲದಿದ್ದರೆ ಒಂದು ದಾಖಲೆಯಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಊರಿನ ಹೆಸರು ಬಂದು ಕೂರುತ್ತದೆ. ಒಂದೇ ಪದದ ಹೆಸರು ಕೇಳಲು ಚೆನ್ನ. ಆದರೆ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲಿ ಹೇಳಿತು. ಕೊಲ್ಲಿ ದೇಶಗಳಿಗೆ ಓಡಾಡುವ ಕರಾವಳಿಯವರು ಇದನ್ನು ನೆನಪಿಟ್ಟುಕೊಳ್ಳಲಿ. ಇಂಗ್ಲಿಷ್ ಕಾಗುಣಿತವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಎಲ್ಲ ಕೌಂಟರಿಗೂ ಅದನ್ನೇ ಒಯ್ಯಿರಿ, ಬಾಯಲ್ಲಿ ಹೇಳಬೇಡಿ.

ಆಮೇಲೆ ಅಫಿಡವಿಟ್. ಕರ್ನಾಟಕದಲ್ಲಿ 2024ರಿಂದ ಇದರ ಮುದ್ರಾಂಕ ಶುಲ್ಕ 100 ರೂಪಾಯಿ. ಹಳೆಯ ಹೆಸರು, ಹೊಸ ಹೆಸರು, ತಂದೆಯ ಹೆಸರು, ವಿಳಾಸ, ಬದಲಾವಣೆಗೆ ಕಾರಣ, ಎರಡೂ ಹೆಸರು ಒಬ್ಬರದೇ ಎಂಬ ಮಾತು ಇರಲಿ. ಕಾರಣ ಒಂದೇ ಸಾಲಿನಲ್ಲಿ ಮುಗಿಯಲಿ. ಮನಸ್ಸಿನ ನೋವನ್ನೆಲ್ಲ ಅಲ್ಲಿ ತೋಡಿಕೊಳ್ಳುವುದು ಬೇಡ, ಆ ಕಾಗದ ಹತ್ತಾರು ಮೇಜುಗಳ ಮೇಲೆ ಓಡಾಡುತ್ತದೆ. ನೋಟರಿ ಮುಗಿದ ಮೇಲೆ ಒಂದು ಕನ್ನಡ, ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಿ. ಕತ್ತರಿಸಿದ ತುಂಡನ್ನಷ್ಟೇ ಇಟ್ಟುಕೊಳ್ಳದೆ ಪತ್ರಿಕೆಯ ಹೆಸರು, ದಿನಾಂಕ ಕಾಣುವ ಇಡೀ ಪುಟವನ್ನೇ ಇಟ್ಟುಕೊಳ್ಳಿ, ನಾಲ್ಕೈದು ಪ್ರತಿ ಹೆಚ್ಚಿಗೆ ಕೊಳ್ಳಿ.

ಮುಂದಿನದು ಗೆಜೆಟ್, ಅಂದರೆ ಸರ್ಕಾರದ ಅಧಿಕೃತ ಪತ್ರಿಕೆಯಲ್ಲಿ ಪ್ರಕಟಣೆ. ಅದಕ್ಕೆ ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಕೇಂದ್ರದ ಪ್ರಕಟಣಾ ಇಲಾಖೆಗೆ ಅರ್ಜಿ ಹೋಗಬೇಕು. ಖಾಸಗಿಯವರ ಹೆಸರು ಬದಲಾವಣೆ ಬರುವುದು ಭಾರತ ರಾಜಪತ್ರದ ನಾಲ್ಕನೇ ಭಾಗದಲ್ಲಿ. ನಿಗದಿತ ನಮೂನೆಗೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ಅದರ ಕೆಳಗೆ ನೀವು ಹಾಕಬೇಕಾದ್ದು ಹಳೆಯ ಹೆಸರಿನ ಸಹಿ. ಹೊಸ ಹೆಸರಿನ ಉತ್ಸಾಹದಲ್ಲಿ ಹೊಸ ಸಹಿ ಹಾಕಿದರೆ ಅರ್ಜಿ ವಾಪಸ್ ಬರಬಹುದು. ನಮೂನೆಯ ಟೈಪ್ ಮಾಡಿದ ಕಂಪ್ಯೂಟರ್ ಪ್ರತಿಗೂ ಕಾಗದಕ್ಕೂ ಒಂದಕ್ಷರ ವ್ಯತ್ಯಾಸ ಇರಬಾರದು. ಪ್ರಕಟವಾದ ಪುಟವನ್ನು ಇ-ಗೆಜೆಟ್ ತಾಣದಿಂದ ಇಳಿಸಿಕೊಳ್ಳಬಹುದು. ಸರ್ಕಾರಿ ನೌಕರರ ದಾರಿಯೇ ಬೇರೆ, ಅವರು ಮೊದಲು ತಮ್ಮ ಇಲಾಖೆಯ ಮೂಲಕ ಹೋಗಬೇಕು.

ಗೆಜೆಟ್ ಕೈಗೆ ಬಂದ ಮೇಲೆ ಮೊದಲು ಆಧಾರ್. ಪೂರ್ತಿ ಹೆಸರು ಬದಲಿಸಲು ಗೆಜೆಟ್ ಜೊತೆಗೆ ಹಳೆಯ ಹೆಸರಿನ, ಫೋಟೊ ಇರುವ ಗುರುತಿನ ಚೀಟಿಯನ್ನೂ ಕೇಳುತ್ತಾರೆ. ಅದಕ್ಕೇ ಮತದಾರರ ಚೀಟಿಯನ್ನೋ ಡಿಎಲ್ಲನ್ನೋ ಮೊದಲೇ ತಿದ್ದಿಸಬಾರದು. ಆಧಾರಿನಲ್ಲಿ ಹೆಸರು ತಿದ್ದಲು ಸಿಗುವುದು ಎರಡೇ ಅವಕಾಶ. ಕೇಂದ್ರದಲ್ಲಿ ಕೊಡುವ ಚೀಟಿಯ ಕನ್ನಡ ಸಾಲನ್ನೂ ಅಕ್ಷರಕ್ಕೆ ಅಕ್ಷರ ಓದಿ, ಲಿಪ್ಯಂತರದಲ್ಲಿ ಹ್ರಸ್ವ ದೀರ್ಘ ತಪ್ಪುವುದು ತೀರಾ ಸಾಮಾನ್ಯ. ಹಳೆಯ ಮೊಬೈಲ್ ನಂಬರಿಗೇ ಒಟಿಪಿ ಬರುವುದರಿಂದ ಇದೆಲ್ಲ ಮುಗಿಯುವವರೆಗೆ ಆ ನಂಬರ್ ಉಸಿರಾಡುತ್ತಿರಲಿ. ನಿಂತುಹೋದ ನಂಬರನ್ನು 90 ದಿನಗಳ ಬಳಿಕ ಕಂಪನಿ ಬೇರೆಯವರಿಗೆ ಕೊಡಬಹುದು. ನಿಮ್ಮ ಬ್ಯಾಂಕ್ ಸಂದೇಶ ಅವರ ಜೇಬಿಗೆ ಹೋಗುತ್ತದೆ.

ಆಧಾರ್ ಆದ ಬೆನ್ನಿಗೆ ಪ್ಯಾನ್. ಎರಡರ ಹೆಸರೂ ತಾಳೆಯಾಗದಿದ್ದರೆ ಜೋಡಣೆ ಕೈಕೊಡುತ್ತದೆ. ಅದಾದ ಮೇಲೆ ಬ್ಯಾಂಕ್, ಪಿಎಫ್, ಪಾಸ್‌ಪೋರ್ಟ್. ಪ್ಯಾನ್ ಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಅದರ ಐದನೆಯ ಅಕ್ಷರ, ಪ್ಯಾನ್ ಪಡೆದ ದಿನ ನಿಮಗಿದ್ದ ಕೊನೆಯ ಹೆಸರಿನ ಮೊದಲಕ್ಷರ. ಬಿಟ್ಟ ಅಡ್ಡಹೆಸರು ಅಲ್ಲಿ ಉಳಿದೇ ಉಳಿಯುತ್ತದೆ. ಸಾಲದ ಇತಿಹಾಸವೂ ಅದೇ ಸಂಖ್ಯೆಗೆ ಅಂಟಿಕೊಂಡಿರುವುದರಿಂದ ಹೆಸರು ಬದಲಿಸಿ ಸಾಲದಿಂದ ಪಾರಾಗುವ ಆಸೆ ಇಟ್ಟುಕೊಳ್ಳಬೇಡಿ.

ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎರಡೂ ಬೇರೆ ಜಾತಿಯ ಕಾಗದಗಳು. ಅಂಕಪಟ್ಟಿಯನ್ನು ಹಾಗೇ ಬಿಟ್ಟು, ಕೇಳಿದಲ್ಲೆಲ್ಲ ಗೆಜೆಟ್ ಲಗತ್ತಿಸುವುದು ನನ್ನ ಮಟ್ಟಿಗೆ ಸರಿಯಾದ ದಾರಿ. ಹೆಸರು ವ್ಯಕ್ತಿಯ ಗುರುತಿನ ಭಾಗ, ಅದರ ಮೇಲೆ ಹಿಡಿತ ಅವರದೇ ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಸಿಬಿಎಸ್ಇ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಅಂಕಪಟ್ಟಿಯನ್ನೇ ತಿದ್ದಿಸಲು ಹಟ ಇರುವವರು ವಕೀಲರ ಬಳಿ ಈ ತೀರ್ಪಿನಿಂದ ಮಾತು ಶುರು ಮಾಡಲಿ. ಪೂರ್ವಾಶ್ರಮ ಬಿಟ್ಟ ಸಂನ್ಯಾಸಿಗಳಿಗೂ ಇದೇ ಕಾಗದದ ಹಾದಿ. 2016ರ ಡಿಸೆಂಬರ್‌ನಿಂದ ಅವರು ಪಾಸ್‌ಪೋರ್ಟಿನಲ್ಲಿ ತಂದೆತಾಯಿಯ ಬದಲು ಗುರುವಿನ ಹೆಸರು ಬರೆಸಬಹುದು, ಆದರೆ ಅದಕ್ಕೂ ಗುರುವಿನ ಹೆಸರಿರುವ ಇನ್ನೊಂದು ಸರ್ಕಾರಿ ದಾಖಲೆ ತೋರಿಸಬೇಕು.

ಕೊನೆಗೆ, ನಿಮ್ಮ ಕೈಯಲ್ಲಿಲ್ಲದ ಕಾಗದಗಳು: ಅಮ್ಮನ ಎಲ್ಐಸಿ ಪಾಲಿಸಿ, ಅಪ್ಪನ ಠೇವಣಿ, ಹೆಂಡತಿಯ ಅಥವಾ ಗಂಡನ ಪಿಎಫ್. ಅಲ್ಲಿ ನಾಮಿನಿಯಾಗಿ ಕೂತಿರುವುದು ನಿಮ್ಮ ಹಳೆಯ ಹೆಸರು. ಅದನ್ನು ತಿದ್ದಿಸುವ ಅರ್ಜಿಗೆ ಅವರೇ ಸಹಿ ಹಾಕಬೇಕು, ನಿಮ್ಮ ಸಹಿ ನಡೆಯದು. ಮನೆಯವರೊಡನೆ ಮಾತು ಬಿಟ್ಟಿದ್ದರೂ ಗೆಜೆಟ್ ಪುಟದ ಒಂದು ಪ್ರತಿಯನ್ನು ಅವರಿಗೆ ಅಂಚೆಯಲ್ಲಾದರೂ ಕಳಿಸಿ.