ಸಿಂಗಪುರದಲ್ಲಿ ದುಡ್ಡುಕಾಸಿನ ವಿಚಾರ ಬರೆಯುವ ಕನ್ನಡಿಗರಿಗೆ

ಸಿಂಗಪುರಕ್ಕೆ ಬಂದ ನಮ್ಮವರಲ್ಲಿ ಬ್ಯಾಂಕು, ಸಾಫ್ಟ್‌ವೇರ್, ಹಣಕಾಸಿನ ಕೆಲಸದಲ್ಲಿರುವವರು ಬಹಳ ಮಂದಿ. ಸಂಬಳ, ಮನೆ ಬಾಡಿಗೆ, ಸಿಪಿಎಫ್ ಎಂಬ ಕಡ್ಡಾಯ ನಿವೃತ್ತಿ ಉಳಿತಾಯ ನಿಧಿ, ವಿದೇಶಿ ನೌಕರರ ನೀತಿ, 2005ರಲ್ಲಿ ಭಾರತದೊಂದಿಗೆ ಆದ ಸೆಕಾ ಎಂಬ ಆರ್ಥಿಕ ಸಹಕಾರ ಒಪ್ಪಂದ ಇವೆಲ್ಲ ನಮ್ಮ ಬದುಕಿಗೆ ನೇರವಾಗಿ ತಾಗುವ ವಿಷಯಗಳು. ಇವುಗಳ ಬಗ್ಗೆ ನಾವು ಬರೆಯಬೇಕು, ಕನ್ನಡದಲ್ಲೂ ಬರೆಯಬೇಕು. ಅಂಕಿಅಂಶ ಇಲಾಖೆ, ಮಾನವಶಕ್ತಿ ಸಚಿವಾಲಯ, ಹಣಕಾಸು ಪ್ರಾಧಿಕಾರವಾದ ಮಾಸ್ ಹೊರತರುವ ಅಂಕಿಗಳು ಯಾರಿಗೆ ಬೇಕಾದರೂ ಸಿಗುತ್ತವೆ, ಸಾಮಗ್ರಿಗೆ ಬರವಿಲ್ಲ. ಆದರೆ ಬೆಂಗಳೂರಿನಲ್ಲಿ ಬರೆದು ರೂಢಿಯಾದ ಕೈಗೆ ಇಲ್ಲಿನ ಕಾನೂನು ಎಲ್ಲಿ ಅಡ್ಡ ಬರುತ್ತದೆ ಎಂಬುದು ತಕ್ಷಣ ಗೊತ್ತಾಗುವುದಿಲ್ಲ.

ಮೊದಲು ಸಂವಿಧಾನ. ಸಿಂಗಪುರ ಸಂವಿಧಾನದ 14ನೇ ವಿಧಿ ವಾಕ್ ಸ್ವಾತಂತ್ರ್ಯವನ್ನು ಕೊಟ್ಟಿರುವುದು ಪ್ರಜೆಗಳಿಗೆ. ಎಂಪ್ಲಾಯ್‌ಮೆಂಟ್ ಪಾಸ್‌ನಲ್ಲಿರುವವರಿಗೆ ಆ ರಕ್ಷಣೆ ಇಲ್ಲ, ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕವರಿಗೂ ಇಲ್ಲ. ನಮ್ಮ 19ನೇ ವಿಧಿ ಕೂಡ ಆ ಹಕ್ಕನ್ನು ಭಾರತದ ನಾಗರಿಕರಿಗಷ್ಟೇ ಕೊಡುತ್ತದೆ, ಆದರೆ ಅಲ್ಲಿ ನಾವು ಮನೆಯವರಾಗಿದ್ದರಿಂದ ಅದನ್ನು ಗಮನಿಸುವ ಪ್ರಮೇಯವೇ ಬರಲಿಲ್ಲ. ಹಾಂಗ್ ಲಿಮ್ ಪಾರ್ಕಿನ ಸ್ಪೀಕರ್ಸ್ ಕಾರ್ನರ್‌ನಲ್ಲಿ ಪರವಾನಗಿ ಇಲ್ಲದೆ ಭಾಷಣ ಮಾಡುವ ಅವಕಾಶವೂ ಇಲ್ಲಿನ ಪ್ರಜೆಗಳಿಗೆ ಮಾತ್ರ. ಹಾಗೆಂದು ವಿದೇಶಿಯರು ಬರೆಯಬಾರದು ಎಂಬ ಕಾನೂನೇನೂ ಇಲ್ಲ. ತೊಂದರೆ ಬಂದಾಗ ತೋರಿಸಲು ಸಂವಿಧಾನದ ಹಕ್ಕು ನಮ್ಮ ಕೈಯಲ್ಲಿಲ್ಲ ಅಷ್ಟೆ, ಮತ್ತು ಪಾಸ್ ರದ್ದು ಮಾಡುವ ಅಧಿಕಾರ ಸರ್ಕಾರದ ಬಳಿ ಇದೆ.

ಮಾನನಷ್ಟದ ವಿಷಯಕ್ಕೆ ಬರೋಣ. ಆರ್ಥಿಕತೆ ಬಗ್ಗೆ ಬರೆದವರಿಗೆ ಅತಿ ದೊಡ್ಡ ಪೆಟ್ಟು ಬಿದ್ದಿರುವುದು ಇಲ್ಲೇ. ರಾಯ್ ನ್ಗರ್ಂಗ್ (Roy Ngerng) ಎಂಬ ಬ್ಲಾಗರ್ ಸಿಪಿಎಫ್ ಬಗ್ಗೆ ಸತತವಾಗಿ ಬರೆಯುತ್ತಿದ್ದರು. ಜನರ ನಿವೃತ್ತಿ ಹಣಕ್ಕೆ ಸಿಗುವ ಬಡ್ಡಿ ಕಡಿಮೆ, ಆ ಹಣ ಜಿಐಸಿಯಂಥ ಸರ್ಕಾರಿ ಹೂಡಿಕೆ ಸಂಸ್ಥೆಗಳಿಗೆ ಹೇಗೆ ಹೋಗುತ್ತದೆ ಎಂದೆಲ್ಲ ಪ್ರಶ್ನಿಸುತ್ತಿದ್ದರು. ಅಲ್ಲಿಯವರೆಗೆ ಯಾರೂ ಕೋರ್ಟಿಗೆ ಹೋಗಲಿಲ್ಲ. 2014ರ ಮೇ ತಿಂಗಳಲ್ಲಿ ಅವರು ಒಂದು ಚಿತ್ರ ಹಾಕಿದರು. ಆಗ ನಂಬಿಕೆದ್ರೋಹದ ವಿಚಾರಣೆ ಎದುರಿಸುತ್ತಿದ್ದ ಸಿಟಿ ಹಾರ್ವೆಸ್ಟ್ ಚರ್ಚಿನ ಮುಖಂಡರ ಸಂಬಂಧ ತೋರಿಸುವ ರೇಖಾಚಿತ್ರ ಒಂದು ಕಡೆ. ಸಿಪಿಎಫ್, ಸರ್ಕಾರದ್ದೇ ಇನ್ನೊಂದು ಹೂಡಿಕೆ ಸಂಸ್ಥೆಯಾದ ಟೆಮಾಸೆಕ್, ಜಿಐಸಿ ಮತ್ತು ಆಗಿನ ಪ್ರಧಾನಿ ಲೀ ಸಿಯೆನ್ ಲೂಂಗ್ ಇರುವ ರೇಖಾಚಿತ್ರ ಇನ್ನೊಂದು ಕಡೆ. ಪ್ರಧಾನಿ ಜನರ ಹಣ ದುರುಪಯೋಗ ಮಾಡಿಕೊಂಡಿದ್ದಾರೆ ಎಂದೇ ಇದರ ಅರ್ಥ ಎಂದು ಪ್ರಧಾನಿ ದಾವೆ ಹೂಡಿದರು, ಹೈಕೋರ್ಟ್ ಅದನ್ನು ಒಪ್ಪಿತು. 2015ರ ಡಿಸೆಂಬರ್‌ನಲ್ಲಿ ಬಂದ ಆದೇಶ 1,50,000 ಸಿಂಗಪುರ ಡಾಲರ್ ಪರಿಹಾರದ್ದು. ಅದರಲ್ಲಿ 50,000, ಆಮೇಲೆ ಅವರು ನಡೆದುಕೊಂಡ ರೀತಿಗಾಗಿ ಸೇರಿಸಿದ್ದು. ಕ್ಷಮೆ ಕೇಳಿ ಬರಹ ತೆಗೆದ ಮೇಲೂ ಅದೇ ಮಾತನ್ನು ಬೇರೆ ದಾರಿಯಲ್ಲಿ ಹರಡಿದರು ಎಂಬುದು ಅವರ ವಿರುದ್ಧ ಹೋಯಿತು. ನೌಕರಿ ಅಷ್ಟರಲ್ಲಾಗಲೇ ಹೋಗಿತ್ತು. 2033ರ ತನಕ ಕಂತು ಕಟ್ಟುವ ಏರ್ಪಾಡಾಯಿತು, ಕೊನೆಗೆ 2021ರಲ್ಲಿ ಜನರ ದೇಣಿಗೆಯಿಂದ ಬಾಕಿ ತೀರಿತು.

ಈ ಪ್ರಕರಣವನ್ನು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಸಿಪಿಎಫ್ ಬಡ್ಡಿ ಕಡಿಮೆ ಎಂದದ್ದಕ್ಕೆ ದಾವೆ ಬೀಳಲಿಲ್ಲ. ನೀತಿಯ ಟೀಕೆಯಿಂದ ವ್ಯಕ್ತಿಯ ಪ್ರಾಮಾಣಿಕತೆಗೆ ಜಿಗಿದ ಕಡೆ ಬಿತ್ತು. ‘ಈ ನೀತಿಯಿಂದ ನೌಕರರಿಗೆ ನಷ್ಟ’ ಎನ್ನಿ, ಕಾರಣ ಕೊಡಿ, ಎಷ್ಟು ಖಾರವಾಗಿ ಬೇಕಾದರೂ ಬರೆಯಿರಿ. ‘ಆ ನಷ್ಟದ ದುಡ್ಡು ಇಂಥವರ ಜೇಬಿಗೆ ಹೋಗಿದೆ’ ಎಂದು ಬರೆಯುವುದಾದರೆ ಕೋರ್ಟಿನಲ್ಲಿ ರುಜುವಾತು ಮಾಡುವ ಕಾಗದ ಕೈಯಲ್ಲಿರಬೇಕು. ಸತ್ಯವೆಂದು ಸಾಬೀತು ಮಾಡುವ ಹೊಣೆ ಬರೆದವರದ್ದು. ನೇರವಾಗಿ ಹೇಳದೆ ಚಿತ್ರದಲ್ಲಿ, ಹೋಲಿಕೆಯಲ್ಲಿ, ಪ್ರಶ್ನೆಯ ರೂಪದಲ್ಲಿ ಸೂಚಿಸಿದರೂ ಹೇಳಿದಂತೆಯೇ ಲೆಕ್ಕ.

ಬರೆಯುವುದೂ ಬೇಡ, ಹಂಚಿದರೂ ಸಾಕು. ಲಿಯಾಂಗ್ ಸೆ ಹಿಯಾನ್ ಇಲ್ಲಿನ ಹಣಕಾಸು ಸಲಹೆಗಾರರು, ಆರ್ಥಿಕ ವಿಷಯಗಳ ಬಗ್ಗೆ ಬಹಳ ಕಾಲದಿಂದ ಬರೆಯುವವರು. 2018ರ ನವೆಂಬರ್‌ನಲ್ಲಿ ಮಲೇಷ್ಯಾದ ಸರ್ಕಾರಿ ನಿಧಿ 1ಎಂಡಿಬಿಯ ಹಣ ದೋಚಿದ ಹಗರಣಕ್ಕೆ ಲೀ ಅವರನ್ನು ಗಂಟುಹಾಕಿದ್ದ ಒಂದು ಲೇಖನದ ಕೊಂಡಿಯನ್ನು ಫೇಸ್‌ಬುಕ್‌ನಲ್ಲಿ ಹಾಕಿದರು. ತಮ್ಮದೊಂದು ಮಾತೂ ಸೇರಿಸಲಿಲ್ಲ, ಮೂರು ದಿನದಲ್ಲಿ ತೆಗೆದೂ ಬಿಟ್ಟರು. 2021ರ ಮಾರ್ಚ್‌ನಲ್ಲಿ 1,33,000 ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಊರಿನ ವಾಟ್ಸಾಪ್ ಗುಂಪಿನಿಂದ ಬಂದದ್ದನ್ನು ಇಲ್ಲಿನ ಗುಂಪಿಗೆ ಹಾಗೇ ದಾಟಿಸುವವರು ಇದನ್ನು ನೆನಪಿಡಬೇಕು. ಮಾನನಷ್ಟ ಇಲ್ಲಿ ಅಪರಾಧ ಕೂಡ ಹೌದು. ನಮ್ಮ 1860ರ ದಂಡ ಸಂಹಿತೆಯ ಮಾದರಿಯಲ್ಲೇ ಬ್ರಿಟಿಷರು ಇಲ್ಲಿನದನ್ನೂ ಬರೆದದ್ದು. ಊರಲ್ಲಿ ಹೊಸ ಸಂಹಿತೆ ಬಂದು ಕಲಂ ಸಂಖ್ಯೆ ಬದಲಾಯಿತು, ಇಲ್ಲಿ ಅದೇ 499 ಮತ್ತು 500 ಇನ್ನೂ ಚಾಲ್ತಿಯಲ್ಲಿವೆ.

ಪೊಫ್ಮಾ ಎಂಬ ಹೆಸರು ಎಲ್ಲರೂ ಕೇಳಿರುತ್ತೀರಿ. ಆನ್‌ಲೈನ್ ಸುಳ್ಳುಗಳ ವಿರುದ್ಧದ ಕಾಯ್ದೆ, 2019ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ಸಚಿವರೊಬ್ಬರು ‘ಈ ಹೇಳಿಕೆ ಸುಳ್ಳು, ಸಾರ್ವಜನಿಕ ಹಿತಕ್ಕೆ ಧಕ್ಕೆ’ ಎಂದು ತೀರ್ಮಾನಿಸಿದರೆ ತಿದ್ದುಪಡಿ ಆದೇಶ ಹೊರಡಿಸಬಹುದು. ಸಾರ್ವಜನಿಕ ಹಿತ ಎಂಬುದರಲ್ಲಿ ದೇಶದ ಹಣಕಾಸೂ ಸೇರಿದೆ. ತಿದ್ದುಪಡಿ ಎಂದರೆ ಬರಹ ಅಳಿಸುವುದಲ್ಲ. ಇದರಲ್ಲಿ ಸುಳ್ಳು ಇದೆ ಎಂಬ ಸೂಚನೆ ಮತ್ತು ಸರ್ಕಾರದ ವಿವರಣೆಯ ಕೊಂಡಿಯನ್ನು ಬರಹದೊಂದಿಗೇ ಹಾಕಬೇಕು. ಆದೇಶ ಪಾಲಿಸದಿದ್ದರೆ 20,000 ಡಾಲರ್ ತನಕ ದಂಡ, ಒಂದು ವರ್ಷದ ತನಕ ಜೈಲು, ಅಥವಾ ಎರಡೂ. ಸುಳ್ಳೆಂದು ಗೊತ್ತಿದ್ದೂ ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುವಂತೆ ಹರಡಿದರೆ 50,000 ಡಾಲರ್, ಐದು ವರ್ಷದ ತನಕ ಹೋಗುತ್ತದೆ. ಮೇಲ್ಮನವಿಯನ್ನು ಮೊದಲು ಅದೇ ಸಚಿವರಿಗೆ ಸಲ್ಲಿಸಬೇಕು, ಆಮೇಲೆ ಹೈಕೋರ್ಟ್. ತೀರ್ಪು ಬರುವವರೆಗೂ ಆದೇಶ ಪಾಲಿಸುತ್ತಲೇ ಇರಬೇಕು. ಆರೋಪಕ್ಕೆ ಗುರಿಯಾದ ಸರ್ಕಾರವೇ ಮೊದಲ ತೀರ್ಮಾನ ಕೊಡುವ ಈ ವ್ಯವಸ್ಥೆ ನನಗೆ ಸರಿ ಕಾಣುವುದಿಲ್ಲ. ಆದರೂ ಇಲ್ಲಿ ಬರೆಯುವವರು ಅದರೊಳಗೇ ಬರೆಯಬೇಕು.

ಮೊತ್ತಮೊದಲ ಆದೇಶವೇ ಆರ್ಥಿಕ ಬರಹಕ್ಕೆ ಬಂತು. ಬ್ರಾಡ್ ಬೋಯರ್ ಎಂಬವರು ಟೆಮಾಸೆಕ್, ಜಿಐಸಿಗಳ ಹೂಡಿಕೆ ಟೀಕಿಸುತ್ತ ನಮ್ಮ ಪಕ್ಕದ ಆಂಧ್ರದ ಅಮರಾವತಿ ಯೋಜನೆಯನ್ನೂ ಎಳೆದು ತಂದು, ಅದರಲ್ಲಿ ಶತಕೋಟಿಗಳ ಮಾತಾಡಿದ್ದರು. ಖರ್ಚಾಗಿದ್ದು ಕೆಲವೇ ದಶಲಕ್ಷ ಡಾಲರ್ ಎಂದಿತು ಸರ್ಕಾರ. 2019ರ ನವೆಂಬರ್ 25ಕ್ಕೆ ಆದೇಶ ಬಂತು, ಅವರು ಸೂಚನೆ ಹಾಕಿದರು, ಬರಹ ಉಳಿಯಿತು.

ಮರುತಿಂಗಳೇ ವಿರೋಧ ಪಕ್ಷವಾದ ಸಿಂಗಪುರ್ ಡೆಮಾಕ್ರಟಿಕ್ ಪಾರ್ಟಿಗೆ ಬಂದದ್ದು ಇನ್ನೂ ಪಾಠದಂಥದ್ದು. ಸ್ಥಳೀಯ ವೃತ್ತಿಪರರು, ಮ್ಯಾನೇಜರ್‌ಗಳು ಹೆಚ್ಚು ಹೆಚ್ಚಾಗಿ ಕೆಲಸ ಕಳೆದುಕೊಳ್ಳುತ್ತಿದ್ದಾರೆ ಎಂದು ಪಕ್ಷ ಬರೆದಿತ್ತು. ಕೆಲಸ ಹೋದವರೆಲ್ಲರಲ್ಲಿ ಇಂಥವರ ಪಾಲು ಎಷ್ಟು ಎಂಬುದು ಒಂದು ಲೆಕ್ಕ. ಇಂಥ ಹುದ್ದೆಯಲ್ಲಿರುವ ಎಲ್ಲರಲ್ಲಿ ಎಷ್ಟು ಮಂದಿಗೆ ಕೆಲಸ ಹೋಯಿತು ಎಂಬುದು ಇನ್ನೊಂದು. ಮೊದಲನೆಯದು ಏರುತ್ತಿರುವಾಗ ಎರಡನೆಯದು ಇಳಿಯುತ್ತಿರಬಹುದು. ಇಡೀ ಜಗಳ ನಿಂತದ್ದು ಓದುಗರಿಗೆ ಯಾವ ಅರ್ಥ ದಾಟುತ್ತದೆ ಎಂಬುದರ ಮೇಲೆ. 2021ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆದೇಶದ ಒಂದು ಭಾಗವನ್ನಷ್ಟೇ ರದ್ದು ಮಾಡಿ ಉಳಿದದ್ದನ್ನು ಎತ್ತಿಹಿಡಿಯಿತು. ಆದ್ದರಿಂದ ಶೇಕಡಾವಾರು ಬರೆಯುವಾಗ ಯಾವುದರ ಶೇಕಡ, ಯಾವ ವರ್ಷದ್ದು, ಯಾರ ಅಂಕಿ ಎಂಬುದನ್ನು ಅದೇ ವಾಕ್ಯದಲ್ಲಿ ಹೇಳಿಬಿಡಿ. ತಲೆಬರಹದಲ್ಲಂತೂ ಖಂಡಿತ. ಅಂಕಿ ಎಲ್ಲಿ ಮುಗಿದು ನಿಮ್ಮ ಅಭಿಪ್ರಾಯ ಎಲ್ಲಿ ಶುರುವಾಗುತ್ತದೆ ಎಂಬುದೂ ಎದ್ದು ಕಾಣಬೇಕು, ಏಕೆಂದರೆ ಪೊಫ್ಮಾ ಅನ್ವಯಿಸುವುದು ವಾಸ್ತವದ ಹೇಳಿಕೆಗೆ, ಅಭಿಪ್ರಾಯಕ್ಕಲ್ಲ. ಮುಚ್ಚಿದ ಗುಂಪು, ಖಾಸಗಿ ಸಂದೇಶವೂ ಇದರ ವ್ಯಾಪ್ತಿಯಲ್ಲಿವೆ. ಕನ್ನಡದಲ್ಲಿ ಬರೆದರೆ ಯಾರಿಗೂ ತಿಳಿಯದು ಎಂಬ ಧೈರ್ಯ ಬೇಡ, ಕಾಯ್ದೆಯಲ್ಲಿ ಭಾಷೆಗೆ ವಿನಾಯಿತಿ ಇಲ್ಲ.

ಕಚೇರಿಯಲ್ಲಿ ಕಂಡದ್ದನ್ನು ಬರೆಯಲೇಬೇಡಿ. ಬ್ಯಾಂಕಿನವರಿಗೆ ಬ್ಯಾಂಕಿಂಗ್ ಕಾಯ್ದೆಯ 47ನೇ ಕಲಂ ಗ್ರಾಹಕರ ವಿವರ ಹೊರಬಿಡದಂತೆ ಕಟ್ಟಿಹಾಕುತ್ತದೆ. ಸರ್ಕಾರದ ಅಂಕಿ ಪ್ರಕಟಣೆಗೆ ಮೊದಲೇ ಸೋರಿದರೆ ಅಧಿಕೃತ ರಹಸ್ಯಗಳ ಕಾಯ್ದೆ ಇದೆ. 1992ರಲ್ಲಿ ಬ್ಯುಸಿನೆಸ್ ಟೈಮ್ಸ್ ಪತ್ರಿಕೆ ಬೆಳವಣಿಗೆ ದರದ ಮುನ್ನಂದಾಜನ್ನು ಅಧಿಕೃತ ಪ್ರಕಟಣೆಗೆ ಮೊದಲೇ ಅಚ್ಚು ಹಾಕಿದಾಗ ಸಂಪಾದಕ, ವರದಿಗಾರ, ಷೇರು ಸಂಸ್ಥೆಯ ಅರ್ಥಶಾಸ್ತ್ರಜ್ಞರ ಜೊತೆಗೆ ಆಗ ಮಾಸ್‌ನಲ್ಲಿದ್ದ ತರ್ಮನ್ ಷಣ್ಮುಗರತ್ನಂ ಅವರಿಗೂ ದಂಡ ಬಿತ್ತು. ಅವರ ಮೇಲೆ ಉಳಿದದ್ದು ಅಂಕಿಯನ್ನು ಜೋಪಾನ ಮಾಡದ ನಿರ್ಲಕ್ಷ್ಯ, ದಂಡ 1,500 ಡಾಲರ್. 2023ರಿಂದ ಅವರೇ ದೇಶದ ಅಧ್ಯಕ್ಷರು.

ಷೇರು ಸಲಹೆ ಕೊಡುವವರಿಗೊಂದು ಮಾತು. ಹೂಡಿಕೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಸುವುದು ಬೇರೆ, ಇಂಥ ಷೇರು ಕೊಳ್ಳಿ ಎಂದು ಸಲಹೆ ಕೊಡುವುದನ್ನು ದಂಧೆಯಾಗಿ ನಡೆಸುವುದು ಬೇರೆ. ಎರಡನೆಯದಕ್ಕೆ ಮಾಸ್ ಪರವಾನಗಿ ಬೇಕಾಗಬಹುದು. ಸುಳ್ಳು ಹೇಳಿ ಷೇರು ಕೊಳ್ಳಲು ಪ್ರೇರೇಪಿಸಿದರೆ ಏಳು ವರ್ಷದ ತನಕ ಜೈಲು.

ವಕೀಲರಿಂದ ಪತ್ರ ಬಂದರೆ ಮೊದಲು ಬರಹದ, ಅದರ ದಿನಾಂಕದ, ನೀವು ಬಳಸಿದ ಅಂಕಿಗಳ ಪ್ರತಿ ತೆಗೆದಿಡಿ. ಆಮೇಲೆ ಬರಹವನ್ನು ಮುಟ್ಟುವ ಮೊದಲು ಸಿಂಗಪುರದಲ್ಲಿ ವೃತ್ತಿ ನಡೆಸುವ ವಕೀಲರನ್ನು ಕಾಣಿ; ಪತ್ರದಲ್ಲಿ ಕೊಡುವ ಗಡುವು ದಿನಗಳ ಲೆಕ್ಕದ್ದು. ಪತ್ರವನ್ನು ಲೇವಡಿ ಮಾಡಿ ಎಲ್ಲಾದರೂ ಬರೆಯುವುದು, ಗೆಳೆಯರ ಗುಂಪಿನಲ್ಲಿ ಹಳೆಯ ಆರೋಪ ಮತ್ತೆ ಹೇಳುವುದು ಪರಿಹಾರದ ಮೊತ್ತ ಏರಿಸುವ ಕೆಲಸ. ಹಳೆಯ ಬರಹವೆಂಬ ಸಮಾಧಾನವೂ ಬೇಡ, ಮಾನನಷ್ಟದ ದಾವೆಗೆ ಆರು ವರ್ಷ ಕಾಲಾವಕಾಶವಿದೆ. ಸರ್ಕಾರದ ಕಾನೂನು ನೆರವು ವಿದೇಶಿಯರಿಗೆ ಸಿಗುವುದಿಲ್ಲ. ಪಾಸ್‌ನಲ್ಲಿರುವವರು ವಕೀಲರ ಶುಲ್ಕವನ್ನು ಸ್ವಂತ ಕೈಯಿಂದಲೇ ಕೊಡಬೇಕಾಗುತ್ತದೆ ಎಂದು ತಿಳಿದು ಹೊರಡಿ.